ಒಂದೇ ವಾರ ಹುಟ್ಟಿದ ನಾಲ್ಕು ಟೈರು

ಧಬ್. ಅರ್ಧ ನಿಮಿಷ ಸದ್ದಿಲ್ಲ. ಧಬ್. ಮತ್ತೆ ಸದ್ದಿಲ್ಲ. ಧಬ್. ಧಬ್.

ಆ ವರ್ಷದ ಮಳೆಗಾಲವನ್ನು ನೆನೆದರೆ ನನಗೆ ಹೆಂಚಿನ ಮೇಲೆ ಬಿದ್ದ ಮಳೆ ಕೇಳಿಸುವುದಿಲ್ಲ, ಈ ಸದ್ದು ಕೇಳಿಸುತ್ತದೆ. ಬೆಳಿಗ್ಗೆ ಐದೂವರೆಗೆ, ಒಲೆಯ ಮೇಲೆ ಹಾಲು ಇನ್ನೂ ಕಾಯುತ್ತಿರುವಾಗ, ನನ್ನ ಮೈದುನ ಕೈಯಲ್ಲೊಂದು ಸೌದೆ ತುಂಡು ಹಿಡಿದು ತನ್ನ ವ್ಯಾನಿನ ಸುತ್ತ ಪ್ರದಕ್ಷಿಣೆ ಬರುತ್ತಿದ್ದ. ಒಂದೊಂದು ಟೈರಿಗೂ ಒಂದೊಂದು ಏಟು ಕೊಟ್ಟು, ತಲೆ ಓರೆ ಮಾಡಿ, ಅದು ಏನು ಹೇಳುತ್ತದೋ ಕೇಳಿಸಿಕೊಳ್ಳುತ್ತಿದ್ದ. ಹಲಸಿನ ಹಣ್ಣನ್ನು ಹಾಗೆ ತಟ್ಟಿ ನೋಡುವವರನ್ನು ಕಂಡಿದ್ದೇನೆ. ಡಾಕ್ಟರು ನನ್ನ ಬೆನ್ನನ್ನೇ ಹಾಗೆ ತಟ್ಟಿದ್ದಾರೆ. ಟೈರನ್ನು ತಟ್ಟಿ ಅದರ ಉತ್ತರಕ್ಕೆ ಕಾದು ನಿಲ್ಲುವ ಮನುಷ್ಯನನ್ನು ಮಾತ್ರ ಈ ಎಪ್ಪತ್ತೈದು ವರ್ಷದಲ್ಲಿ ನಾನು ನೋಡಿದ್ದು ಒಬ್ಬನನ್ನೇ.

ಈ ಮಹಾನುಭಾವ ಹೆಣ್ಣು ನೋಡಲು ಹೋದಾಗ ತಟ್ಟೆಯಲ್ಲಿದ್ದ ಕೇಸರಿಬಾತು ಮುಗಿಯುವ ಮೊದಲೇ ಒಪ್ಪಿಗೆ ಕೊಟ್ಟುಬಿಟ್ಟಿದ್ದ. ಬೇರೆ ಸಾಕ್ಷಿ ಬೇಡ, ಪಕ್ಕದಲ್ಲಿ ಕೂತಿದ್ದವಳು ನಾನೇ. ಹುಡುಗಿ ಇನ್ನೂ ಕಾಫಿ ಲೋಟ ಕೊಟ್ಟು ತಿರುಗಿರಲಿಲ್ಲ. ಅದೇ ಮನುಷ್ಯ ವ್ಯಾನಿಗೆ ನಾಲ್ಕು ಟೈರು ಆರಿಸಲು ಹನ್ನೊಂದು ವಾರ ತೆಗೆದುಕೊಂಡ! ಇದನ್ನು ನನ್ನ ವಾರಗಿತ್ತಿಯ ಎದುರು, ಅಂದರೆ ಆ ಕೇಸರಿಬಾತಿನ ಹುಡುಗಿಯ ಎದುರು ಹೇಳಿದರೆ, ಅವಳು ರಾಗಿ ಹಿಟ್ಟು ಜರಡಿಯಾಡುವುದನ್ನು ನಿಲ್ಲಿಸದೆಯೇ, "ಅದ್ಕೇ ಕಣಕ್ಕ, ನನ್ ವಿಸ್ಯದಲ್ಲಿ ಮಾಡಿದ್ ತಪ್ಪ ಟೈರ್ ವಿಸ್ಯದಲ್ಲಿ ಮಾಡ್ಬಾರ್ದು ಅಂತ" ಎನ್ನುತ್ತಾಳೆ.

ನಮ್ಮದು ಬೆಟ್ಟದಪುರದ ಹತ್ತಿರದ ಊರು. ಹೊಗೆಸೊಪ್ಪಿನ ಮನೆತನ. ಮೈಸೂರಿನ ಕಾನ್ವೆಂಟಿನಲ್ಲಿ ಪಿಯಾನೋ ಪಕ್ಕದಲ್ಲಿ ನಿಂತು ಹಾಡು ಹೇಳುತ್ತಿದ್ದ ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅಂಗಳದಲ್ಲಿ ನನ್ನ ಎತ್ತರಕ್ಕೆ ಹೊಗೆಸೊಪ್ಪಿನ ಬೇಲುಗಳು ನಿಂತಿದ್ದವು. ನಮ್ಮೆಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಈಗ ಮೈದುನ, ವಾರಗಿತ್ತಿ, ನಾನು ಒಂದೇ ಮನೆಯಲ್ಲಿದ್ದೇವೆ. ಈ ಮನೆಯಲ್ಲಿ ನನ್ನ ಪೋಸ್ಟು ಇಂಗ್ಲಿಷ್ ಡಿಪಾರ್ಟ್‌ಮೆಂಟು. ಗೊಬ್ಬರದ ಚೀಲ, ಔಷಧಿ ಶೀಷೆ, ಮೊಬೈಲಿಗೆ ಬರುವ ಮೆಸೇಜು, ಎಲ್ಲವೂ ಮೊದಲು ನನ್ನ ಟೇಬಲ್ಲಿಗೇ ಬರುತ್ತವೆ.

ಮೊದಲು ಆ ವ್ಯಾನು ಬಂದ ಕಥೆ ಹೇಳಬೇಕು. ಹೆಚ್.ಡಿ. ಕೋಟೆಯ ಕಾಡಂಚಿನಲ್ಲಿ ಏನೋ ರಿಸರ್ಚ್ ಮಾಡಲು ಬಂದಿದ್ದ ಹೊರದೇಶದವರು, ಕೆಲಸ ಮುಗಿಸಿ ಹೊರಡುವಾಗ ತಮ್ಮ ಸಾಮಾನನ್ನೆಲ್ಲ ಹರಾಜಿಗಿಟ್ಟರು. ಅದರಲ್ಲಿ ಈ ವ್ಯಾನೂ ಇತ್ತು. ಆಲ್-ವೀಲ್ ಡ್ರೈವ್. ಸಾಮಾನ್ಯ ಗಾಡಿಯಲ್ಲಿ ಎರಡು ಚಕ್ರ ದುಡಿದು ಎರಡು ಚಕ್ರ ಸುಮ್ಮನೆ ಹಿಂದೆ ಬರುತ್ತವೆ, ಕೆಲವು ಸಂಸಾರಗಳ ಹಾಗೆ. ಇದರಲ್ಲಿ ನಾಲ್ಕೂ ದುಡಿಯುತ್ತವೆ. ಮೈದುನ ನೋಡಿದ, ಮನಸೋತ.

ಆದರೆ ಹೊಗೆಸೊಪ್ಪು ಬೆಳೆದವನಿಗೆ ಹರಾಜು ಎಂದರೆ ಒಂದೇ ಅರ್ಥ. ಮಾಲು ನಮ್ಮದು, ಬೆಲೆ ಕೂಗುವವರು ಬೇರೆಯವರು, ಸಾಲದು ಎನ್ನುವುದು ನಮ್ಮ ಕರ್ತವ್ಯ. ನಲವತ್ತು ವರ್ಷ ಹರಾಜು ಕಟ್ಟೆಯಲ್ಲಿ ನಿಂತು ಅದನ್ನೇ ಮಾಡಿದವನು ಅಲ್ಲಿಯೂ ಹೋಗಿ ನಿಂತ. ಒಂದು ಬೆಲೆ ಕೂಗಿದ. ಬೇರೆ ಯಾರೂ ತುಟಿ ಬಿಚ್ಚಲಿಲ್ಲ. ಹರಾಜಿನವರು "ಒಂದು ಸಲ, ಎರಡು ಸಲ" ಎನ್ನುವಷ್ಟರಲ್ಲಿ ಇವನಿಗೆ ತಡೆಯಲಾಗಲಿಲ್ಲ. "ಈಟ್ ಒಳ್ಳೆ ಮಾಲ್ಗೆ ಇಷ್ಟೇನ್ರೀ? ಬುಡಬ್ಯಾಡಿ, ಇನ್ನೂ ಏರ್ಸಿ" ಎಂದ. ಏರಿಸಿದರು. "ವಸಿ ಏರ್ಸಿ" ಎಂದ. ಅವರಿಗೇನು ನಷ್ಟ, ಮತ್ತೂ ಏರಿಸಿದರು. ಹೀಗೆ ಮೂರು ಸಲ ತನ್ನ ಮೇಲೆ ತಾನೇ ಏರಿಸಿಕೊಂಡು, ಗೆದ್ದು, ಬೀಗುತ್ತಾ ವ್ಯಾನು ತಂದ. ಅಂಗಳದಲ್ಲಿ ನಿಲ್ಲಿಸಿ ಆರತಿಯೂ ಆಯಿತು. ಆಮೇಲೆ ಕಾಫಿ ಕುಡಿಯುತ್ತಾ ಕೂತವನು ಇದ್ದಕ್ಕಿದ್ದ ಹಾಗೆ ಲೋಟ ಕೆಳಗಿಟ್ಟ.

"ಅಲ್ಲ ಕಣತ್ಗೆ, ಅಲ್ಲಿ ನಾನು ತಕಳೋನಲ್ವಾ?"

ಇಂಥವನ ವ್ಯಾನಿನ ಟೈರು ಸವೆಯಿತು. ನಾಲ್ಕೂ ಒಟ್ಟಿಗೆ, ನಮ್ಮ ಊರಿನ ರಿಟೈರ್ಡ್ ಮೇಷ್ಟರ ತಲೆಯ ಹಾಗೆ ನುಣ್ಣಗೆ ಬೋಳಾದವು. ಹುಣಸೂರಿನ ಟೈರ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಎರಡು ಈಗ ಹಾಕಿಸಿ ಎರಡು ಸುಗ್ಗಿ ಮುಗಿದ ಮೇಲೆ ಹಾಕಿಸುವುದು ಅವನ ಪ್ಲಾನು. ಅಂಗಡಿಯಾತ ಒಳ್ಳೆಯ ಮನುಷ್ಯ, ತಿಳಿಸಿ ಹೇಳಿದ.

"ಅಂಗ್ ಮಾಡ್ಬಾರ್ದು ಅಣ್ಣ. ಇದ್ರಲ್ಲಿ ನಾಲ್ಕೂ ಚಕ್ರ ಎಳೀತವೆ. ಹೊಸ ಟೈರು ದೊಡ್ಡದು, ಹಳೇದು ಸವೆದು ಸಣ್ಣದು. ಸಣ್ಣದು ಜಾಸ್ತಿ ಸುತ್ತ್‌ಬೇಕು, ದೊಡ್ಡದು ಕಮ್ಮಿ ಸುತ್ತುತ್ತೆ. ಇವೆರಡರ ಜಗಳ ಬಿಡಿಸೀ ಬಿಡಿಸೀ ಒಳಗಿರೋ ಗೇರ್ ಸತ್ತೋಗುತ್ತೆ. ಹಾಕಿದ್ರೆ ನಾಲ್ಕೂ ಒಂದೇ ಸಮ ಇರೋದು ಹಾಕ್ಬೇಕು."

ಈ ಮಾತನ್ನು ಯಾರಿಗೆ ಹೇಳಬಾರದಿತ್ತೋ ಅವನಿಗೇ ಹೇಳಿಬಿಟ್ಟ. ನಮ್ಮ ಮನೆಯಲ್ಲಿ ಸೊಪ್ಪು ಬೇಯಿಸಿ ಇಳಿಸಿದ ಮೇಲೆ ಗ್ರೇಡ್ ಮಾಡುವವನು ಇವನು. ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ತಿಕ್ಕಿ, ಮೂಸಿ, ಆಮೇಲೆ ಅದರ ಗುಂಪಿಗೆ ಸೇರಿಸುತ್ತಾನೆ. ಬೇರೆ ಬಣ್ಣದ ಒಂದು ಎಲೆ ಸೇರಿಹೋಗಿದೆ ಎಂದು ಅನುಮಾನ ಬಂದರೆ ಹೊಲಿದ ಬೇಲನ್ನೇ ಬಿಚ್ಚಿಸಿದ್ದಾನೆ. ಅವನ ಕಿವಿಗೆ "ಒಂದೇ ಸಮ" ಎಂಬುದು ವೇದವಾಕ್ಯ.

ತಕ್ಷಣ ಗ್ರೇಡಿಂಗ್ ಶುರುವಾಯಿತು. ಟೈರನ್ನು ತಿಕ್ಕಿದ. ಬಗ್ಗಿ ಮೂಸಿದ. ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದ.

"ವಸಿ ಹಸಿ ಐತೆ. ಹದ ಬಂದಿಲ್ಲ."

"ಹದ ಬರಕ್ಕೆ ಇದೇನ್ ಹೊಗೆಸೊಪ್ಪಾ ಅಣ್ಣ?"

"ಮೇಲಿರದು ಬ್ಯಾಡ, ಅಡೀಲಿರದು ತೋರ್ಸು."

ಬೇಲಿನ ಮೇಲೆ ಚಿನ್ನದಂಥ ಎಲೆ ಜೋಡಿಸಿ ಒಳಗೆ ಕಡ್ಡಿಕಸ ತುಂಬುವ ಜನರನ್ನು ಕಂಡವನು ಇವನು. ಟೈರನ್ನೂ ಹಾಗೆ ಪೇರಿಸಿರುತ್ತಾರೆ ಎಂದು ಗುಮಾನಿ. ಪಾಪ, ಅಂಗಡಿಯಾತ ಒಂಬತ್ತು ಟೈರು ಇಳಿಸಿದ. ಅಷ್ಟು ಹೊತ್ತಿಗೆ ನನಗೆ ಕರೆ ಬಂತು. "ಅತ್ಗೆ, ವಸಿ ಇದರ ಮೇಲಿರೋ ಇಂಗ್ಲಿಸ್ ಓದಿ."

ನನಗೆ ಆಗ ಸೊಂಟದ ಆಪರೇಷನ್ ಆಗಿ ನಾಲ್ಕು ತಿಂಗಳು. ಬಗ್ಗುವ ಹಾಗಿಲ್ಲ. ಕುರ್ಚಿ ತಂದು ಹಾಕಿದರು, ಟೈರನ್ನು ನನ್ನ ಮುಂದೆ ಎತ್ತಿ ಹಿಡಿದರು, ನಾನು ಕನ್ನಡಕ ಸರಿ ಮಾಡಿಕೊಂಡು ಓದಿದೆ. ಒಂದು ಕಾಲದಲ್ಲಿ ನಮ್ಮ ಸಿಸ್ಟರುಗಳು ತಲೆಯ ಮೇಲೆ ಪುಸ್ತಕ ಇಟ್ಟು, ನೆಟ್ಟಗೆ ನಿಲ್ಲಿಸಿ, ಒಂದೊಂದು ಪದವೂ ಸ್ಕೂಲಿನ ಸಭಾಂಗಣದ ಕೊನೆಯ ಬೆಂಚಿಗೆ ಕೇಳಬೇಕು ಎಂದು ಎಲೊಕ್ಯೂಷನ್ ಕಲಿಸಿದ್ದರಲ್ಲ, ಅದು ಯಾಕೆ ಎಂದು ಅವತ್ತು ಗೊತ್ತಾಯಿತು. "ಮ್ಯಾಕ್ಸಿಮಮ್ ಲೋಡ್. ಟ್ರಾಕ್ಷನ್ ಎ. ಟೆಂಪರೇಚರ್ ಬಿ." ಪಕ್ಕದ ಟೀ ಅಂಗಡಿಯವರೂ ಬಂದು ನಿಂತರು.

"ಬಿ ಯಾಕೆ?" ಮೈದುನನ ಹುಬ್ಬು ಗಂಟಾಯಿತು. "ಎ ಯಾಕ್ ಬರ್ಲಿಲ್ಲ?"

"ಅಣ್ಣ, ಅದೇನು ಎಸ್ಸೆಲ್ಸಿ ಮಾರ್ಕ್ಸ್ ಕಾರ್ಡಾ?" ಎಂದು ಅಂಗಡಿಯಾತ ಬೆವರು ಒರೆಸಿಕೊಂಡ.

"ಬತ್ತೀನಿ ಬುಡು" ಎಂದು ಮೈದುನ ಎದ್ದ. ಈ ಬತ್ತೀನಿ ಎಂಬುದಕ್ಕೆ ಏನರ್ಥ ಎಂದು ಹುಣಸೂರಿನ ವ್ಯಾಪಾರಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ನಾನೂ ಎಲ್ಲರ ಹಾಗೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಎರಡನೇ ವಾರದಲ್ಲಿ ಏಲಿಯ ಫೋನ್ ಬಂತು.

ಏಲಿ ನನ್ನ ಕಾನ್ವೆಂಟಿನ ಬೆಂಚ್‌ಮೇಟು. ಆರು ವರ್ಷ ಒಂದೇ ಬೆಂಚು, ಒಂದೇ ಡಾರ್ಮಿಟರಿ. ಅವಳ ಟ್ರಂಕಿನ ಬಾಳೆಕಾಯಿ ಚಿಪ್ಸು ನನಗೆ, ನನ್ನ ಟ್ರಂಕಿನ ಕೋಡುಬಳೆ ಅವಳಿಗೆ. ಕೇರಳದ ಹುಡುಗಿ. ಮದುವೆ ಬೇಡವೆಂದು ಹೆಚ್.ಡಿ. ಕೋಟೆಯಿಂದಾಚೆ, ಗಡಿಯ ಹತ್ತಿರದ ಒಂದು ಪುಟ್ಟ ಊರಿನಲ್ಲಿ ಟೀಚರಾಗಿ ಬಂದವಳು ಅಲ್ಲೇ ಉಳಿದುಬಿಟ್ಟಳು. ವರ್ಷಕ್ಕೊಮ್ಮೆ ಅವಳು ಇಲ್ಲಿಗೆ, ವರ್ಷಕ್ಕೊಮ್ಮೆ ನಾನು ಅಲ್ಲಿಗೆ. ಅವಳ ಮಂಡಿ, ನನ್ನ ಸೊಂಟ ಸೇರಿ ಆ ಪದ್ಧತಿಯನ್ನು ಮೂರು ವರ್ಷದಿಂದ ನಿಲ್ಲಿಸಿದ್ದವು.

"ಎಡೀ," ಎಂದಳು. ಮಲಯಾಳದಲ್ಲಿ ಗೆಳತಿಯನ್ನು ಕರೆಯುವ ಈ ಪದದಲ್ಲಿ ನನ್ನನ್ನು ಕರೆಯುವವಳು ಭೂಮಿಯ ಮೇಲೆ ಅವಳೊಬ್ಬಳೇ. "ಅಣ್ಣನ ಮಗಳು ಬಂದು ಕರ್ಕೊಂಡು ಹೋಗ್ತಾಳಂತೆ. ಮುಂದಿನ ತಿಂಗಳ ಕೊನೇ ಭಾನುವಾರ. ಫಾರ್ ಗುಡ್. ಗುಡ್ ಯಾರಿಗೆ ಅಂತ ಮಾತ್ರ ಕೇಳ್ಬೇಡ. ಅಷ್ಟರಲ್ಲಿ ನೀನು ಬಂದು ಹೋಗು. ಆಮೇಲೆ ನಿನ್ನ ಸೊಂಟ ನನ್ನ ಮಂಡಿ ಇಟ್ಟುಕೊಂಡು ಯಾರು ಎಲ್ಲಿಗೆ ಹೋಗೋದು?"

ಹೋಗಬೇಕು. ಆದರೆ ಬಸ್ಸಿನ ಮೆಟ್ಟಿಲು ಹತ್ತಬಾರದೆಂದು ಡಾಕ್ಟರ ಆರ್ಡರು. ಕಾಲು ನೀಡಿ ಕೂರಬಹುದಾದ ಸೀಟು ಇರುವುದು ವ್ಯಾನಿನಲ್ಲಿ. ಅದೂ ಅಲ್ಲದೆ ಏಲಿಯ ಊರಿಗೆ ಮುಟ್ಟುವ ಮೊದಲು ಒಂದು ಹಳ್ಳ ಇಳಿದು ಹತ್ತುವ ಮಣ್ಣಿನ ದಾರಿ ಇದೆ. ಮಳೆಗಾಲದಲ್ಲಿ ಅದು ರಸ್ತೆಯಲ್ಲ, ತುಪ್ಪ ಹಚ್ಚಿದ ಬಾಳೆಎಲೆ. ಮೈದುನನಿಗೆ ಹೇಳಿದೆ.

"ಕರ್ಕಂಡೋಯ್ತೀನಿ ಬುಡಿ ಅತ್ಗೆ. ಟೈರೊಂದ್ ಆಗ್ಲಿ. ಡಾಂಬರ್ ಮ್ಯಾಲೆ ಪರವಾಗಿಲ್ಲ, ಆ ಕೆಸರಲ್ಲಿ ಬೋಳು ಟೈರ್ ಇಟ್ಕಂಡು ನಿಮ್ಮುನ್ನ ಕೂರುಸ್ಕಂಡು ಓಗಕಿಲ್ಲ ನಾನು."

ಸರಿ ತಾನೆ? ಒಪ್ಪುವ ಮಾತೇ. ನನ್ನ ಮುಂದೆ ಇನ್ನೂ ಏಳು ವಾರ ಇತ್ತು. ಏಳು ವಾರದಲ್ಲಿ ದೇವರು ಏಳು ಲೋಕ ಸೃಷ್ಟಿ ಮಾಡಬಹುದು. ನಾಲ್ಕು ಟೈರು ಯಾವ ಲೆಕ್ಕ ಎಂದುಕೊಂಡೆ, ಹುಚ್ಚಿ.

ಮುಂದಿನ ಯಾತ್ರೆ ಕೆ.ಆರ್. ನಗರಕ್ಕೆ. ಅಲ್ಲಿನ ಅಂಗಡಿಯಾತ ತನ್ನ ಮಾಲು ಎಷ್ಟು ಹೊಸದು ಎಂದು ಹೆಮ್ಮೆಪಡಲು ಹೋಗಿ ಒಂದು ಗುಟ್ಟು ಬಿಟ್ಟುಕೊಟ್ಟ. "ಇಲ್ಲಿ ನೋಡಿ ಸಾ, ನಾಲ್ಕು ನಂಬರ್ ಅವೆ. ಮೊದ್ಲಿನ ಎರಡು ಟೈರ್ ಮಾಡಿದ ವಾರ, ಆಮೇಲಿನ ಎರಡು ವರ್ಷ."

"ಅಂದ್ರೆ ಹುಟ್ಟಿದ ವಾರ?"

"ಅಂಗೇ ಅಂದ್ಕಳಿ."

ಟೈರಿಗೂ ಜನ್ಮದಿನ ಇದೆ ಎಂದು ತಿಳಿದ ಗಳಿಗೆಯಿಂದ ನಮ್ಮ ಹುಡುಕಾಟದ ಸ್ವರೂಪವೇ ಬದಲಾಯಿತು. ಇನ್ನು ಒಂದೇ ಕಂಪನಿ, ಒಂದೇ ಸೈಜು ಸಾಲದು. ನಾಲ್ಕೂ ಒಂದೇ ವಾರ ಹುಟ್ಟಿರಬೇಕು. ಒಂದೇ ದಿನ ಕಿತ್ತ ಎಲೆ, ಸೊಪ್ಪು ಬೇಯಿಸುವ ಒಂದೇ ಬ್ಯಾರನ್‌ನಲ್ಲಿ ಬೆಂದರೆ ತಾನೆ ಒಂದೇ ಬಣ್ಣ ಬರುವುದು, ಎಂಬುದು ಅವನ ವಾದ. ಅಂಗಡಿಯಾತ ಗೋಡೌನ್‌ಗೆ ಹೋದ. ದೇವರು ದೊಡ್ಡವನು, ನಾಲ್ಕು ಟೈರು ಹೊರಳಿಸಿಕೊಂಡು ಬಂದ. ನಾನು ಒಂದೊಂದರ ನಂಬರನ್ನೂ ಓದಿದೆ. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು. ವರ್ಷವೂ ನಾಲ್ಕಕ್ಕೂ ಒಂದೇ, ಹೋದ ವರ್ಷದ್ದು. ಚಾಮುಂಡಿಗೂ ಮೇರಿಮಾತೆಗೂ ಒಟ್ಟಿಗೆ ಕೈ ಮುಗಿದೆ. ಹ್ಯಾಂಡ್‌ಬ್ಯಾಗಿನಿಂದ ಫೋನ್ ತೆಗೆದು ಏಲಿಗೆ ಡಯಲ್ ಮಾಡತೊಡಗಿದೆ.

ಅಷ್ಟರಲ್ಲಿ ಮೈದುನ ಗೋಡೆಯ ಹತ್ತಿರ ಹೋಗಿದ್ದ. ಹೋದ ವರ್ಷದ ಕ್ಯಾಲೆಂಡರಿನ ಮೇಲೇ ಈ ವರ್ಷದ್ದನ್ನು ನೇತುಹಾಕುವ ನಮ್ಮ ಅಂಗಡಿಯವರ ಸೋಮಾರಿತನಕ್ಕೆ ಏನೆನ್ನಲಿ? ಹೊಸದನ್ನು ಎತ್ತಿ ಹಿಡಿದು, ಹಳೆಯದರ ಹಾಳೆ ತಿರುವಿ, ಬೆರಳಿಟ್ಟು ಇಪ್ಪತ್ತೆಂಟು ವಾರ ಎಣಿಸಿದ. ತಿರುಗಿದಾಗ ಅವನ ಮುಖದಲ್ಲಿ ಸೂತಕದ ಕಳೆ.

"ಆಸಾಡ ಕಣತ್ಗೆ."

"ಏನು ಆಷಾಢ?"

"ಇವು ಉಟ್ಟಿರದು ಆಸಾಡದಲ್ಲಿ. ಮನೆ ಸೊಸೆನೇ ಆಸಾಡದಲ್ಲಿ ಅಟ್ಟೀಲಿ ಮಡಿಕ್ಕಳದೆ ತೌರ್ಗೆ ಕಳಿಸ್ತೀವಿ. ಅಂತಾದ್ರಲ್ಲಿ ಆಸಾಡದ್ ಟೈರ ತಕಂಡೋಗಿ ನಿಮ್ಮುನ್ನ ಅದರ ಮ್ಯಾಲೆ ಕೂರುಸ್ಲಾ?"

"ಫಾರ್ ಹೆವನ್ಸ್ ಸೇಕ್," ಎಂದೆ, "ಟೈರಿಗೆ ಅತ್ತೆ ಮನೆ ಎಲ್ಲಿದೆಯಪ್ಪಾ?"

ಅಂಗಡಿಯಾತ ತಲೆ ಮೇಲೆ ಕೈ ಹೊತ್ತು ಆಷಾಢದ ಟೈರುಗಳ ಮೇಲೇ ಕುಳಿತ. ಫೋನಿನಲ್ಲಿ ಏಲಿ "ಹಲೋ, ಹಲೋ" ಎನ್ನುತ್ತಿದ್ದಳು.

ನಾಲ್ಕು ವಾರ ಹೋಯಿತು. ಪಿರಿಯಾಪಟ್ಟಣದ ಅಂಗಡಿಯವರು ನಮ್ಮ ವ್ಯಾನು ದೂರದಲ್ಲಿ ಕಂಡೊಡನೆ ಊಟಕ್ಕೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡರು, ಬೆಳಿಗ್ಗೆ ಹತ್ತು ಗಂಟೆಗೂ. ಏಲಿ ಪ್ರತಿ ಶನಿವಾರ ಫೋನ್ ಮಾಡುತ್ತಿದ್ದಳು. "ಟೈರ್ ಸೆಲೆಕ್ಷನ್ ಕಮಿಟಿ ಏನಂತು?" ಎಂದು ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ಕಮ್ಮಿಯಾಯಿತು. ಒಂದು ಶನಿವಾರ ಹೇಳಿದಳು. "ಕಾಫಿ ಕಪ್ಪುಗಳನ್ನೆಲ್ಲ ಪೇಪರಲ್ಲಿ ಸುತ್ತಿ ಪ್ಯಾಕ್ ಮಾಡಿಬಿಟ್ಟೆ. ಎರಡು ಹೊರಗಿಟ್ಟಿದ್ದೀನಿ. ಒಂದು ನಿಂದು."

ಅವತ್ತು ನಾನು ಯಾರಿಗೂ ಹೇಳದೆ ಹುಣಸೂರಿನಿಂದ ಬಾಡಿಗೆ ಕಾರು ಕರೆಸಿದೆ. ಎತ್ತರದ ಗಾಡಿಯೇ ಬೇಕೆಂದು ಹೇಳಿ ಕರೆಸಿದ್ದು. ಮಾರನೇ ಬೆಳಿಗ್ಗೆ ಎಂಟಕ್ಕೆ ಬಂತು. ನಾನು ರೇಷ್ಮೆ ಅಂಚಿನ ಸೀರೆ ಉಟ್ಟು, ಕೋಡುಬಳೆಯ ಡಬ್ಬಿ ಹಿಡಿದು ಕೋಲೂರಿಕೊಂಡು ಜಗುಲಿಗೆ ಬರುವಷ್ಟರಲ್ಲಿ ಕಾರಿನ ಬೆನ್ನು ಕಾಣಿಸಿತು. ಹೋಗುತ್ತಿತ್ತು. ಮೈದುನ ಅಂಗಳದಲ್ಲಿ ಸೌದೆ ತುಂಡು ಹಿಡಿದು ನಿಂತಿದ್ದ.

"ಯಾಕೆ ಕಳಿಸಿದೆ?"

"ಅವುನ್ ಗಾಡಿ ಟೈರ್ ನೋಡುದ್ರಾ ಅತ್ಗೆ? ನಾಲ್ಕು ನಾಲ್ಕು ನಮೂನೆ. ಅದ್ರಲ್ಲಿ ಒಂದು ಪಕ್ಕದಲ್ಲಿ ಉಬ್ಕಂಡೈತೆ. ಜೀವ ಏನ್ ಬಾಡ್ಗೆಗೆ ಬಂದೈತಾ?"

"ನನ್ನ ಜೀವ, ನನ್ನ ಇಷ್ಟ."

"ನಮ್ಮಣ್ಣ ಕೇಳುದ್ರೆ ಏನ್ ಯೋಳ್ಲಿ?" ಎಂದು ನಮ್ಮೆಜಮಾನರು ಇನ್ನೂ ಗದ್ದೆಯ ಕಡೆಯಿಂದ ಬರಬೇಕಾಗಿದೆ ಎಂಬಂತೆ ಹೇಳಿ, ನನ್ನ ಕೈಯಿಂದ ಕೋಡುಬಳೆಯ ಡಬ್ಬಿ ಈಸಿಕೊಂಡು, ಒಂದು ತಿಂದು, "ಸಂದಾಗವೆ" ಎಂದು ಒಳಗೆ ಹೋದ. ಇದಾದ ಮೇಲೆ ಯಾರನ್ನು ಏನೆಂದು ಬೈಯುವುದು?

ಆರನೇ ವಾರದಲ್ಲಿ ಹೆಚ್.ಡಿ. ಕೋಟೆಯ ಅಂಗಡಿಯೊಂದರಲ್ಲಿ ಮೂರು ಟೈರು ಸಿಕ್ಕಿದವು. ಒಂದೇ ವಾರ, ಕಾರ್ತಿಕ ಮಾಸ, ವಾಸನೆ ಹದವಾಗಿದೆ, ಟೆಂಪರೇಚರ್ ಎ. ನಾಲ್ಕನೆಯದನ್ನು ಎಲ್ಲಿಂದಾದರೂ ತರಿಸಿಕೊಡುತ್ತೇನೆ ಎಂದು ಅಂಗಡಿಯಾತ ಆಣೆ ಮಾಡಿದ. ಮೂರನ್ನೂ ತಂದು, ಒಳಮನೆಯ ಕತ್ತಲು ಕೋಣೆಯಲ್ಲಿ ಗೋಣಿತಾಟು ಹೊದಿಸಿ ಮಲಗಿಸಿದ. "ಬಾಣ್ತೀರ್‌ಗೆ ಬಿಸ್ನೀರ್ ಕಾಯಿಸ್ಲಾ?" ಎಂದು ವಾರಗಿತ್ತಿ ಬಾಗಿಲಲ್ಲಿ ನಿಂತು ಕೇಳಿದಳು. ಅವನು ಗೋಣಿತಾಟಿನ ಅಂಚನ್ನು ಸರಿಮಾಡಿದ.

ನಾಲ್ಕನೆಯದು ಬಂದದ್ದು ಆ ಕೊನೆಯ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಅದೇ ಕಂಪನಿ, ಅದೇ ಸೈಜು, ಅದೇ ನಮೂನೆ. ನಾನು ಓದಿದೆ. ಐದು ವಾರ ಮುಂಚೆ ಹುಟ್ಟಿದ್ದು.

"ಇದು ಅಣ್ಣ ಆಯ್ತದೆ," ಎಂದ ಮೈದುನ. "ಅವಳಿ ಆಗಕಿಲ್ಲ. ಆಕಕಿಲ್ಲ ಇದ."

ನನಗೆ ಸಿಟ್ಟು ಬಂದರೆ ಕನ್ನಡ ಬರುವುದಿಲ್ಲ. ಸಿಟ್ಟು ಮಾಡುವುದನ್ನು ನಾನು ಕಲಿತದ್ದೇ ಸಿಸ್ಟರುಗಳಿಂದ. "ಯೂ ಸೆಲ್ಫಿಶ್, ಇಂಪಾಸಿಬಲ್ ಮ್ಯಾನ್!" ಎಂದು ಕೂಗಿದೆ. ಅಟ್ಟದ ಮೇಲಿದ್ದ ಪಾರಿವಾಳಗಳು ಹಾರಿಹೋದವು. ನಾಳೆ ಮಧ್ಯಾಹ್ನ ಮೂರು ಗಂಟೆಗೆ ಅವಳ ಅಣ್ಣನ ಮಗಳು ಜೀಪು ತರುತ್ತಾಳೆ, ಅದರಲ್ಲಿ ಕೂತ ಮೇಲೆ ಏಲಿ ನನ್ನ ಪಾಲಿಗೆ ಇಲ್ಲ, ನಿನಗೆ ಟೈರಿನ ಹುಟ್ಟುಹಬ್ಬ ದೊಡ್ಡದಾಯಿತೇ ಎಂದು ಇನ್ನೂ ಏನೇನೋ ಅಂದೆ. ಅದನ್ನೂ ಇಂಗ್ಲಿಷಿನಲ್ಲೇ ಅಂದೆ. ಕಡೆಗೆ ಕುರ್ಚಿಯಲ್ಲಿ ಕೂತು ಅತ್ತೆ, ಅದು ಮಾತ್ರ ಯಾವ ಭಾಷೆಯಲ್ಲೂ ಅಲ್ಲ. ಮೈದುನ ಹೊರಗೆ ಹೋದ.

"ನಂಗೊಂದೂ ಅರ್ಥ ಆಗ್ಲಿಲ್ಲ ಕಣಕ್ಕ," ವಾರಗಿತ್ತಿ ನೀರು ತಂದುಕೊಟ್ಟು ಹೇಳಿದಳು. "ಆದ್ರೆ ಎಲ್ಲಾ ಸರ್ಯಾಗೇ ಬೈದ್ರಿ."

ಸಂಜೆಯವರೆಗೂ ಅವನು ಒಳಗೆ ಬರಲಿಲ್ಲ. ಕಿಟಕಿಯಿಂದ ನೋಡಿದೆ. ವಾರಗಿತ್ತಿಯ ಹೊಲಿಗೆ ಮಿಷನ್ನಿನ ಟೇಪು ತಂದುಕೊಂಡು, ನೆಲದ ಮೇಲೆ ಕೂತು, ವ್ಯಾನಿನ ಹಳೆಯ ಟೈರುಗಳ ಸುತ್ತಳತೆ ತೆಗೆಯುತ್ತಿದ್ದ, ರವಿಕೆಗೆ ಅಳತೆ ತೆಗೆದ ಹಾಗೆ. ಊಟಕ್ಕೆ ಬಂದು ಕೂತು, ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ ಹೇಳಿದ.

"ಬೆಳಗ್ಗೆ ಐದಕ್ಕೆ ರೆಡಿಯಾಗಿ ಅತ್ಗೆ. ಹಳೇವ್ರಲ್ಲೇ ಓಗದು. ನಾಲ್ಕೂ ಒಂದೇ ಸಮ ಬೋಳಾಗವೆ. ಒಂದ್ ನೂಲ್ನಷ್ಟೂ ಎಚ್ಚುಕಮ್ಮಿ ಇಲ್ಲ. ಅಂತಾ ಟೈರ್ ಸಿಗದು ಕಷ್ಟ."

ಏಳು ವಾರ. ಏಳು ವಾರದಿಂದ ಆ ನಾಲ್ಕು ಟೈರು ಅಂಗಳದಲ್ಲೇ, ಅವನ ಮೂಗಿನ ಕೆಳಗೇ ಒಂದೇ ಸಮ ಇದ್ದವು. ನಾನು ಮುದ್ದೆಯನ್ನು ಹಾಗೇ ನುಂಗಿದೆ. ಬಾಯಿ ತೆರೆದಿದ್ದರೆ ಮತ್ತೆ ಇಂಗ್ಲಿಷ್ ಬರುತ್ತಿತ್ತು.

ಭಾನುವಾರ ಐದಕ್ಕೆ ಹೊರಟೆವು. ಹುಣಸೂರು ದಾಟುವವರೆಗೆ ನಮ್ಮನ್ನು ಹಿಂದೆ ಹಾಕದ ವಾಹನವಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಪಕ್ಕಕ್ಕೆ ಬಂದು, ಕಿಟಕಿಯಿಂದ ನನ್ನನ್ನು ನೋಡಿ, ಆಸ್ಪತ್ರೆ ಕೇಸು ಎಂದುಕೊಂಡು ಮರುಕದಿಂದ ತಲೆಯಾಡಿಸಿ ಮುಂದೆ ಹೋದ. ಹೆಚ್.ಡಿ. ಕೋಟೆಯಲ್ಲಿ ಇಡ್ಲಿ ತಿನ್ನಲು ನಿಲ್ಲಿಸಿದೆವು.

ಹಳ್ಳದ ಹತ್ತಿರ ಬಂದಾಗ ಹತ್ತು ಗಂಟೆ. ಹಿಂದಿನ ದಿನದ ಮಳೆಗೆ ಕೆಂಪು ಕೆಸರು ಹೊಳೆಯುತ್ತಿತ್ತು. ವ್ಯಾನು ನಿಲ್ಲಿಸಿ ಇಳಿದ. ಪಂಚೆ ಎತ್ತಿ ಕಟ್ಟಿದ. ಕೆಸರನ್ನು ಬೆರಳಲ್ಲಿ ತೆಗೆದು ತಿಕ್ಕಿ ನೋಡಿದ, ಮೂಸಿದ ಕೂಡ. ಈ ಮನುಷ್ಯನನ್ನು ನಂಬಿ ಬಂದೆನಲ್ಲ ಎಂದು ನಾನು ಜಪಮಾಲೆ ಹುಡುಕಿಕೊಂಡೆ. ಹಿಂದಿನಿಂದ ಗೋಣಿತಾಟುಗಳನ್ನು ತೆಗೆದ. ಬಾಣಂತಿಯರಿಗೆ ಹೊದಿಸಿದ್ದವೇ ಅವು. ಇಳಿಜಾರಿನ ಉದ್ದಕ್ಕೂ ಎರಡು ಸಾಲು ಹಾಸಿದ. ಬಂದು ಕೂತು, ಒಂದನೇ ಗೇರಿಗೆ ಹಾಕಿ, ಉಸಿರು ಬಿಗಿಹಿಡಿದು ಇಳಿಸಿದ, ಹತ್ತಿಸಿದ. ಬೋಳು ಟೈರು ಒಂದೂ ಜಾರಲಿಲ್ಲ. ಆಚೆ ದಡಕ್ಕೆ ಬಂದ ಮೇಲೆ ವಾಪಸು ನಡೆದು ಹೋಗಿ ತಾಟುಗಳನ್ನೆಲ್ಲ ಹೆಕ್ಕಿ ತಂದ. ಸಾಯಂಕಾಲ ಮತ್ತೆ ಬೇಕಲ್ಲ.

"ಕಂಡ್ರಾ, ನಾಲ್ಕೂ ಒಂದೇ ಮಾತಾಡ್ತವೆ," ಎಂದ. ಹಿಂದಿನ ರಾತ್ರಿ ಊಟವಾದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮೊದಲ ಮಾತು ಅದು, ಅದೂ ಟೈರಿನ ಮಾತು.

ಹಳ್ಳ ದಾಟಿದರೆ ಊರಿನ ಕಾಂಕ್ರೀಟು ರಸ್ತೆ ಶುರು. ಅದರ ತುದಿಯಲ್ಲಿ ಏಲಿಯ ಮನೆ. ಬಾಗಿಲಲ್ಲೇ ನಿಂತಿದ್ದಳು. ತೆಳ್ಳಗಾಗಿದ್ದಳು, ಕನ್ನಡಕ ದಪ್ಪವಾಗಿತ್ತು. "ಎಡೀ, ಟೈರ್ ಬಂತಾ?" ಎಂದಳು. ನಾನು ಇಲ್ಲ ಎಂದೆ. ಇಬ್ಬರೂ ಕೋಲು ಹಿಡಿದುಕೊಂಡೇ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಎರಡು ಕೋಲು ಒಂದಕ್ಕೊಂದು ಸಿಕ್ಕಿಕೊಂಡು ಇಬ್ಬರೂ ಬೀಳುವುದರಲ್ಲಿದ್ದೆವು, ಮೈದುನ ಬಂದು ಬಿಡಿಸಿದ.

ಖಾಲಿ ಮನೆ. ಎರಡು ಕುರ್ಚಿ, ಎರಡು ಕಪ್ಪು. ಮೈದುನನಿಗೆ ಕಾಫಿ ಕೊಡಲು ಔಷಧಿ ಬಾಟಲಿಯ ಅಳತೆ ಮುಚ್ಚಳ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಕಡೆಗೆ ಪಕ್ಕದ ಮನೆಯಿಂದ ಒಂದು ಲೋಟ ಬಂತು. ಅವನು ಅದನ್ನು ತೆಗೆದುಕೊಂಡು ಹೊರಗೆ ಹೋಗಿ ವ್ಯಾನಿನ ನೆರಳಲ್ಲಿ ಕೂತ. ನಾವಿಬ್ಬರೂ ಏನು ಮಾತಾಡಿದೆವು? ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಡಾರ್ಮಿಟರಿಯ ಬೆಕ್ಕಿನ ಹೆಸರೇನು ಎಂದು ಅರ್ಧ ಗಂಟೆ ವಾದ ಮಾಡಿದೆವು. ನೆನಪಾಗಲಿಲ್ಲ. ಕೋಡುಬಳೆ ಮೆತ್ತಗಾಗಿದೆ ಎಂದಳು, ಹಾಗೇ ಆರು ತಿಂದಳು.

ಒಂದು ಗಂಟೆಗೆ ಮೈದುನ ಬಾಗಿಲಿಗೆ ಬಂದ. ಕೇರಳದ ಕಡೆ ಆಕಾಶ ಕಪ್ಪಾಗಿತ್ತು.

"ಅತ್ಗೆ, ಒಂಡ್ಬೇಕು. ಮಳೆ ಬಂದ್ರೆ ಅಳ್ಳ ಅತ್ತಕಾಗಕಿಲ್ಲ. ಬಿರ್‌ಬಿರ್‍ನೆ ಬನ್ನಿ."

ನಾನು ವ್ಯಾನು ಹತ್ತಿ ಕೂತೆ. ಏಲಿ ಕಿಟಕಿಯ ಹತ್ತಿರ ಬಂದಳು. ಕಿಟಕಿಯ ಅಂಚಿನ ಮೇಲಿದ್ದ ನನ್ನ ಕೈಯ ಮೇಲೆ ಅವಳ ಕೈ ಇಟ್ಟಳು. ಮೈದುನ ಒಂದನೇ ಗೇರಿಗೆ ಹಾಕಿದ. ವ್ಯಾನು ಹೊರಟಿತು, ಆದರೆ ಏಲಿಯ ಕೈ ನನ್ನ ಕೈಯ ಮೇಲೇ ಇತ್ತು. ನೋಡಿದರೆ ಅವಳು ಪಕ್ಕದಲ್ಲೇ ನಡೆದುಕೊಂಡು ಬರುತ್ತಿದ್ದಳು, ಕೋಲೂರಿಕೊಂಡು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅವಳ ಮಂಡಿ ನಿಂತಾಗ ವ್ಯಾನೂ ನಿಲ್ಲುತ್ತಿತ್ತು. ಅವಳು ಮುಂದಿನ ಹೆಜ್ಜೆ ಇಟ್ಟಾಗ ಅಷ್ಟೇ ಮುಂದೆ ಹೋಗುತ್ತಿತ್ತು. ಉಪ್ಪಿನಕಾಯಿ ಭರಣಿಯನ್ನು ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಬೇಕೋ ಕಾಲ ಹತ್ತಿರ ಇಡಬೇಕೋ ಎಂದು ಅವಳು ಕೇಳಿದಳು. ತೊಡೆಯ ಮೇಲೆ ಎಂದೆ ನಾನು.

ಎರಡು ಹನಿ ಗಾಜಿನ ಮೇಲೆ ಬಿತ್ತು. "ಬೇಗ ಹೋಗಪ್ಪಾ, ಮಳೆ ಬಂತು," ಎಂದಳು ಏಲಿ, ನನ್ನ ಕೈ ಬಿಡದೆ.

"ಆಗಕಿಲ್ಲ ಕಣವ್ವ," ಎಂದ ಮೈದುನ, ಮುಂದೆಯೇ ನೋಡುತ್ತಾ. "ಟೈರ್ ಬೋಳು."

ನಮ್ಮ ಮುಂದಿದ್ದದ್ದು ನೆಟ್ಟಗಿನ ಕಾಂಕ್ರೀಟು ರಸ್ತೆ. ಕೆಸರಿಲ್ಲ, ಏರಿಲ್ಲ, ಒಂದು ಗುಂಡಿ ಕೂಡ ಇರಲಿಲ್ಲ. ಆ ಊರಿನ ಉದ್ದಕ್ಕೂ, ಹದಿನಾಲ್ಕು ಮನೆ ದಾಟುವವರೆಗೂ, ನನ್ನ ಮೈದುನ ಆ ವ್ಯಾನನ್ನು ಒಬ್ಬ ಮುದುಕಿಯ ಮಂಡಿ ನಡೆದಷ್ಟೇ ನಡೆಸಿದ.

ಕಾಂಕ್ರೀಟು ಮುಗಿದು ಮಣ್ಣು ಶುರುವಾಗುವಲ್ಲಿ ನಿಲ್ಲಿಸಿದ. ಎಂಜಿನ್ ಆಫ್ ಮಾಡಿ, ಆ ಕಡೆಯ ಕಿಟಕಿಯಿಂದ ಹೊಲ ನೋಡತೊಡಗಿದ. ಮಳೆಯ ಮಾತೆತ್ತಲಿಲ್ಲ. ಎಷ್ಟು ಹೊತ್ತಾಯಿತೋ, ಕಡೆಗೆ ಏಲಿಯೇ ಕೈ ತೆಗೆದು, "ಸರಿ, ಹೋಗು" ಎಂದಳು.

ಕೆಸರಿಗೆ ಇಳಿಯುವಾಗ ತಿರುಗಿ ನೋಡಿದೆ. ಕಾಂಕ್ರೀಟಿನ ಅಂಚಿನಲ್ಲಿ, ಹನಿಯುವ ಮಳೆಯಲ್ಲಿ, ಒಂದು ಕೈಯಲ್ಲಿ ಕೋಲು ಹಿಡಿದು ನಿಂತಿದ್ದಳು. ಇನ್ನೊಂದು ಕೈಯನ್ನು ಕೆಳಗಿಳಿಸುವುದು ಮರೆತು, ನನ್ನ ಕಿಟಕಿಯ ಎತ್ತರದಲ್ಲೇ ಹಾಗೇ ಹಿಡಿದಿದ್ದಳು. ನಾನು ಅವಳನ್ನು ಕೊನೆಯದಾಗಿ ನೋಡಿದ್ದು ಹಾಗೆ.